ಅಳಿಸುವ ಮೊದಲು ನೋಡುವ ಗಂಗಾಂಬಿಕೆ

ಬೆಳಗಿನ ಐದು ಗಂಟೆ. ನರಸಿಂಹರಾಜಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಅಂಗಡಿಯೂ ಬಾಗಿಲು ತೆರೆದಿಲ್ಲ. ಪಂಕ್ಚರ್ ಅಂಗಡಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಮಾತ್ರ ದೀಪವಿದೆ. ಗಂಗಾಂಬಿಕೆ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದಾರೆ. ಕಾಫಿ ಆರುತ್ತಿದೆ, ಅವರು ಲೋಟ ಮುಟ್ಟುವುದಿಲ್ಲ. ಪೆಟ್ಟಿಗೆಯೊಳಗೆ ಖಾಲಿ ಸಿಡಿಯೊಂದು ಸುಯ್ಯೆಂದು ತಿರುಗುತ್ತಿದೆ. ಕೆಟ್ಟು ನಿಂತ ಕಂಪ್ಯೂಟರನ್ನು ಎಬ್ಬಿಸುವ ವ್ಯವಸ್ಥೆಯೊಂದು, ಅಂದರೆ ಆಪರೇಟಿಂಗ್ ಸಿಸ್ಟಮ್, ಇಡಿಯಾಗಿ ಆ ಸಿಡಿಯ ಮೇಲೆ ಇಳಿಯುತ್ತಿದೆ.

“ಹಗಲು ಹೊತ್ತು ಕರೆಂಟು ನಂಬೂ ಹಾಗಿಲ್ಲ ಕಣ್ರೀ. ಅರ್ಧ ಬರೆಯೋವಾಗ ಹೋತು ಅಂದ್ರೆ ಸಿಡಿ ತಿಪ್ಪೆಗೆ. ಈ ಹೊತ್ತಲ್ಲಿ ವೋಲ್ಟೇಜು ಅಲ್ಲಾಡಲ್ಲ” ಎನ್ನುತ್ತಾರೆ. ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅವರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. “ಜೋರಾಗಿ ಬರೆದ ಸಿಡಿ ನನ್ನ ಮಿಷಿನ್ನಲ್ಲಿ ಓಡುತ್ತೆ. ಹಳ್ಳಿ ಶಾಲೇಲಿರೋ ಹಳೇ ಮಿಷಿನ್ನಿಗೆ ಅದು ಕಾಣ್ಸೋದೇ ಇಲ್ಲ. ಎರಡು ಬಸ್ ಹತ್ತಿ ಅಲ್ಲಿಗೆ ಹೋಗಿ ತಲೆ ಕೆರ್ಕೊಳೋಕಿಂತ ಇಲ್ಲೇ ನಿಧಾನ ಮಾಡೋದು ವಾಸಿ ಅಲ್ವಾ?”

ಸಿಡಿ ಹೊರಗೆ ಬರುತ್ತದೆ. ಅದನ್ನು ದೀಪಕ್ಕೆ ಹಿಡಿದು ನೋಡಿ, ಒಮ್ಮೆ ಓಡಿಸಿ ಪರೀಕ್ಷಿಸಿ, ಸ್ಟೀಲಿನ ಡಬ್ಬಿಯೊಳಗೆ ಇಡುತ್ತಾರೆ. ಡಬ್ಬಿಯ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿಯ ಗಂಟಿದೆ. ನಮ್ಮ ಕಡೆಯ ಥಂಡಿಗೆ ಸಿಡಿಗಳಿಗೂ ಬೂಷ್ಟು ಬರುತ್ತದೆ. ಅಕ್ಕಿ ಆ ಪಸೆಯನ್ನು ಹೀರುತ್ತದೆ. ಆರೂವರೆಯ ಬಸ್ಸಿಗೆ ಡಬ್ಬಿ, ಎರಡು ಪೆನ್ ಡ್ರೈವ್, ಒಂದಿಷ್ಟು ಫ್ಲಾಪಿ, ಸ್ಕ್ರೂಡ್ರೈವರ್ ಮತ್ತು ಮಧ್ಯಾಹ್ನದ ರೊಟ್ಟಿ ಒಂದೇ ಚೀಲದಲ್ಲಿ ಹೊರಡುತ್ತವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆ, ಸೊಸೈಟಿ, ಝೆರಾಕ್ಸ್ ಅಂಗಡಿ, ಮನೆಗಳಲ್ಲಿ ಕಂಪ್ಯೂಟರು ಕಪ್ಪು ಪರದೆ ತೋರಿಸಿ ಮುಷ್ಕರ ಹೂಡಿತೆಂದರೆ ಜನ ಇವರನ್ನು ಕರೆಯುತ್ತಾರೆ. ವಾರಕ್ಕೆ ಐದು ದಿನ ತಿರುಗಾಟ. ದಿನಕ್ಕೆ ಮೂರೋ ನಾಲ್ಕೋ ಯಂತ್ರ. “ಹತ್ತು ಕಡೆ ಹೋದ್ರೆ ಆರು ಕಡೆ ಎಂತದೂ ಕೆಟ್ಟಿರೋದೇ ಇಲ್ಲ ಮಾರಾಯ್ರೆ. ಯಾರೋ ಪೆನ್ ಡ್ರೈವ್ ಚುಚ್ಚಿ ಹಾಗೇ ಬಿಟ್ಟಿರ್ತಾರೆ. ಮಿಷಿನ್ನು ಅದ್ರೊಳಗೆ ಹುಡುಕ್ತಾ ಕೂತಿರುತ್ತೆ, ಪಾಪ. ತೆಗೆದು ಚಾಲೂ ಮಾಡಿ ಬರ್ತೀನಿ.”

ನಲವತ್ತಾರರ ಗಂಗಾಂಬಿಕೆ ಕಂಪ್ಯೂಟರ್ ಓದಿದವರಲ್ಲ. ಹದಿನಾಲ್ಕು ವರ್ಷ ಇದೇ ಕೋಣೆಯಲ್ಲಿ ಟೈಪಿಂಗ್ ಕಲಿಸಿದವರು. ಒಂದು ಕಾಲಕ್ಕೆ ಏಳು ಟೈಪ್‌ರೈಟರ್‌ಗಳ ಸದ್ದಿಗೆ ಓಣಿಯವರು ಕಿಟಕಿ ಮುಚ್ಚುತ್ತಿದ್ದರಂತೆ. ೨೦೦೨ರಲ್ಲಿ ಕೊನೆಯ ವಿದ್ಯಾರ್ಥಿನಿ ಪರೀಕ್ಷೆ ಮುಗಿಸಿ ಹೋದ ಮೇಲೆ ಹೊಸಬರು ಬರಲಿಲ್ಲ. ಪಕ್ಕದಲ್ಲೇ ಪಂಕ್ಚರ್ ಅಂಗಡಿ ನಡೆಸುವ ಪತಿ ಕಲ್ಲೇಶ್ ಆಗ ಹೇಳಿದ ಮಾತನ್ನು ಅವರು ಇಂದಿಗೂ ನೆನೆಯುತ್ತಾರೆ: “ನಂಗೂ ಯಾರೂ ಹೇಳ್ಕೊಟ್ಟಿಲ್ಲ. ಬಿಚ್ಚಿ ನೋಡ್ದೆ, ಕಲ್ತೆ. ನೀನೂ ಬಿಚ್ಚಿ ನೋಡು.”

ಶಿವಮೊಗ್ಗದಲ್ಲಿ ಆರು ವಾರ ಒಂದು ಕೋರ್ಸು ಮಾಡಿಬಂದರು. ಉಳಿದದ್ದೆಲ್ಲ ಇಂಗ್ಲಿಷ್ ಕೈಪಿಡಿಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದ್ದು. ಮೊದಮೊದಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: “ನಿಮ್ಮ ಯಜಮಾನ್ರು ಬರಲ್ವಾ?” ಗಂಗಾಂಬಿಕೆ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದರು. “ಅವ್ರೂ ಬರ್ತಾರೆ. ಆದ್ರೆ ಅವ್ರು ಬಂದ್ರೆ ಚಕ್ರ ಬಿಚ್ತಾರೆ.”

ಆ ದಿನಗಳ ಒಂದು ಘಟನೆಯನ್ನು ಅವರು ನಗುತ್ತ ಹೇಳುವುದಿಲ್ಲ. ೨೦೦೩ರಲ್ಲಿ ಶೃಂಗೇರಿಯ ಒಂದು ಮನೆಗೆ ಹೋಗಿದ್ದರು. ಕಂಪ್ಯೂಟರು ಏಳುತ್ತಿರಲಿಲ್ಲ. ಒಳಗೆ ಮುಖ್ಯವಾದದ್ದೇನಾದರೂ ಇದೆಯೇ ಎಂದು ಕೇಳಿದರು. ಮನೆಯಲ್ಲಿದ್ದ ನೆಂಟರೊಬ್ಬರು “ಎಂತದೂ ಇಲ್ಲ, ಹೊಸದಾಗಿ ಹಾಕಿ” ಎಂದರು. ಗಂಗಾಂಬಿಕೆ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದರು. ಸಂಜೆ ಮನೆಯೊಡತಿ ಕಾಮಾಕ್ಷಮ್ಮ ದೇವಸ್ಥಾನದಿಂದ ಬಂದರು. ನಿವೃತ್ತ ಶಿಕ್ಷಕಿ. ತಾಯಿಯಿಂದ, ಅತ್ತೆಯಿಂದ ಕಲಿತ ನೂರಾ ನಲವತ್ತು ಮದುವೆ ಹಾಡುಗಳನ್ನು ಎಂಟು ತಿಂಗಳು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅದರೊಳಗೆ ಸೇರಿಸಿದ್ದರು.

“ಬೈದಿದ್ರೆ ಹಗುರ ಆಗ್ತಿತ್ತು. ಅವ್ರು ಕೂತ್ಕೊಂಡ್ರು, ನೀರು ಕುಡಿದ್ರು. ಆಮೇಲೆ ‘ಎಂತ ಮಾಡೂದು ಮಾರಾಯ್ತಿ, ಹಾಡು ತಲೇಲಿ ಇನ್ನೂ ಇದ್ಯಲ್ಲ’ ಅಂದ್ರು. ನಂಗೆ ಅಲ್ಲಿ ನಿಲ್ಲೋಕೆ ಆಗ್ಲಿಲ್ಲ.”

ಆದರೆ ಮುಂದಿನ ಭಾನುವಾರ ಅವರೇ ಆ ಮನೆಯ ಬಾಗಿಲು ತಟ್ಟಿದರು. ಕಾಮಾಕ್ಷಮ್ಮ ಹಾಡುತ್ತ ಹೋದರು, ಗಂಗಾಂಬಿಕೆಯ ಹತ್ತೂ ಬೆರಳು ಓಡುತ್ತ ಹೋದವು. ಸುಮಾರು ಒಂದು ವರ್ಷದ ಭಾನುವಾರಗಳು ಹಾಗೆ ಕಳೆದವು. ನೂರಾ ಮೂವತ್ತಮೂರು ಹಾಡು ಮರಳಿ ಬಂದವು. ಏಳು ಬರಲಿಲ್ಲ, ಕಾಮಾಕ್ಷಮ್ಮನಿಗೆ ಮೊದಲ ಸಾಲಿನ ಆಚೆ ನೆನಪಾಗಲಿಲ್ಲ. ಆ ಏಳು ಮೊದಲ ಸಾಲುಗಳು ಗಂಗಾಂಬಿಕೆಗೆ ಇವತ್ತಿಗೂ ಬಾಯಿಗೆ ಬರುತ್ತವೆ.

ಅಂದಿನಿಂದ ಅವರದೊಂದು ನೇಮ: ಯಾರು ಎಷ್ಟೇ ಅವಸರ ಮಾಡಲಿ, ಅಳಿಸುವ ಮೊದಲು ಒಳಗೆ ನೋಡಬೇಕು. ಅದಕ್ಕೆಂದೇ ಬೆಳಗಿನ ಆ ಸಿಡಿಗಳು. ಯಂತ್ರದೊಳಗಿನ ವ್ಯವಸ್ಥೆ ಸತ್ತಿದ್ದರೂ ಸಿಡಿಯಲ್ಲೇ ಇನ್ನೊಂದು ವ್ಯವಸ್ಥೆ ಇರುತ್ತದೆ. ಅದು ಯಂತ್ರವನ್ನು ಎಬ್ಬಿಸುತ್ತದೆ, ಒಳಗಿನದನ್ನು ಮುಟ್ಟದೆ ತೆರೆದು ತೋರಿಸುತ್ತದೆ. “ಕದ ಮುರಿಯೋ ಮೊದ್ಲು ಕಿಟಕೀಲಿ ಇಣುಕಿ ನೋಡಿದ ಹಾಗೆ” ಎನ್ನುತ್ತಾರೆ. ಬೇಕಾದ್ದನ್ನೆಲ್ಲ ಪೆನ್ ಡ್ರೈವಿಗೆ ತೆಗೆದುಕೊಂಡು, ಕಂಪ್ಯೂಟರಿನ ಒಡೆಯರಿಗೆ ತೋರಿಸಿ, ಆಮೇಲಷ್ಟೇ ಮುಂದಿನ ಕೆಲಸ. ಇದರಿಂದ ಒಂದು ಗಂಟೆಯ ಕೆಲಸ ಮೂರು ಗಂಟೆಯಾಗುತ್ತದೆ. ಕೆಲವರು ಗೊಣಗುತ್ತಾರೆ. ಇವರು ರೊಟ್ಟಿ ಬಿಚ್ಚಿ ತಿನ್ನುತ್ತ ಕಾಯುತ್ತಾರೆ.

ಈ ನೇಮಕ್ಕೆ ಎಷ್ಟು ಬೆಲೆಯಿದೆಯೆಂದು ಈ ವರ್ಷದ ಮಾರ್ಚ್ ತಿಂಗಳಲ್ಲಿ ಗೊತ್ತಾಯಿತು.

ಕೊಪ್ಪದಲ್ಲಿ ಪರಮಶಿವಯ್ಯ ಎಂಬ ನಿವೃತ್ತ ಕಂಪೌಂಡರ್ ಇದ್ದಾರೆ. ಇಪ್ಪತ್ತು ವರ್ಷಗಳಿಂದ ಮೂರೂ ತಾಲ್ಲೂಕಿನ ರಕ್ತದಾನಿಗಳ ಹೆಸರು, ಗುಂಪು, ಫೋನ್ ನಂಬರು ಕೂಡಿಸುತ್ತ ಬಂದವರು. ಮದುವೆ ಮನೆಗೆ ಹೋದರೂ ಊಟಕ್ಕೆ ಮುಂಚೆ ಪಂಕ್ತಿಯಲ್ಲಿ ಕೂತವರ ರಕ್ತದ ಗುಂಪು ಕೇಳುವ ಮನುಷ್ಯ. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಐದು ವರ್ಷದಿಂದ ಎಲ್ಲವೂ ಕಂಪ್ಯೂಟರಿನಲ್ಲಿ: ಎರಡು ಸಾವಿರಕ್ಕೂ ಹೆಚ್ಚು ಹೆಸರು.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶಿವಮೊಗ್ಗದ ಆಸ್ಪತ್ರೆಯೊಂದರಿಂದ ಅವರಿಗೆ ಫೋನು ಬಂತು. ಕಮ್ಮರಡಿಯ ಸುಬ್ಬಿ ಎಂಬ ಕೂಲಿ ಹೆಂಗಸಿಗೆ ಹೆರಿಗೆಯಾಗಿತ್ತು. ಕೂಸು ಚೆನ್ನಾಗಿತ್ತು, ಬಾಣಂತಿಗೆ ರಕ್ತ ನಿಲ್ಲುತ್ತಿರಲಿಲ್ಲ. ಗುಂಪು ಓ ನೆಗೆಟಿವ್. ಅಲ್ಲಿದ್ದ ಎರಡು ಬಾಟಲಿಯೂ ಮುಗಿದಿತ್ತು. ಸಂಜೆಯೊಳಗೆ ಇನ್ನೊಂದು ಬೇಕೇ ಬೇಕು ಎಂದಿದ್ದರು ಡಾಕ್ಟರು.

ಪರಮಶಿವಯ್ಯನವರ ಕಂಪ್ಯೂಟರು ಹಿಂದಿನ ದಿನವಷ್ಟೇ ನಿಂತುಹೋಗಿತ್ತು. ನೋಡಿಹೋದ ಮೆಕ್ಯಾನಿಕ್ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದಿದ್ದ. “ಹೂಂ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ” ಎನ್ನುತ್ತಾರೆ ಪರಮಶಿವಯ್ಯ. ಹಳೆಯ ನೋಟ್‌ಬುಕ್ಕು ತೆಗೆದರು. ಆ ಗುಂಪಿನ ಎರಡೇ ಹೆಸರು. ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಊರು ಬಿಟ್ಟಿದ್ದರು.

ಅವರು ಗಂಗಾಂಬಿಕೆಯ ಅಂಗಡಿಗೆ ಫೋನು ಮಾಡಿದರು. ಎತ್ತಿಕೊಂಡದ್ದು ಕಲ್ಲೇಶ್. ಹೆಂಡತಿ ಹರಿಹರಪುರದ ಸೊಸೈಟಿಯಲ್ಲಿದ್ದಾಳೆಂದು ಅವರಿಗೆ ಗೊತ್ತಿತ್ತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರುವುದಿಲ್ಲವೆಂಬುದೂ ಗೊತ್ತಿತ್ತು. ಅಲ್ಲಿನ ಬಸ್ ಸ್ಟಾಪಿನ ಅಂಗಡಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದರು. ಗಂಗಾಂಬಿಕೆ ಸೊಸೈಟಿಯ ಯಂತ್ರವನ್ನು ಬಿಚ್ಚಿದಂತೆಯೇ ಬಿಟ್ಟು ಕೊಪ್ಪದ ಬಸ್ಸು ಹತ್ತಿದರು.

ಪರಮಶಿವಯ್ಯನವರ ಮನೆ ತಲುಪಿದಾಗ ಹನ್ನೆರಡೂವರೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಆರಂಭಿಸಬೇಕಾದ ಕಡತ ಕಾಣೆಯಾಗಿದೆ. ಯಂತ್ರ ಮೊದಲು ಸಿಡಿಯನ್ನೇ ಹುಡುಕುವಂತೆ ಒಳಗಿನ ಪಟ್ಟಿಯ ಕ್ರಮ ಬದಲಿಸಿ ತಮ್ಮ ಸಿಡಿ ಹಾಕಿದರು. ಅದು ಎರಡು ಸಲ ಗೊರಗೊರ ಎಂದು ಸುಮ್ಮನಾಯಿತು. ಇನ್ನೊಂದು ಸಿಡಿ ಹಾಕಿದರೂ ಅಷ್ಟೇ. ಸಿಡಿ ಡ್ರೈವು ಬಿಚ್ಚಿ ಅದರ ಕಣ್ಣಿನಂಥ ಲೆನ್ಸು ಒರೆಸಿದರೂ ಅಷ್ಟೇ. ಸಿಡಿಯ ದಾರಿ ಮುಚ್ಚಿತ್ತು.

ಉಳಿದದ್ದು ಪೆನ್ ಡ್ರೈವ್; ಸಿಡಿಯಲ್ಲಿದ್ದ ವ್ಯವಸ್ಥೆ ಅದರಲ್ಲೂ ಇತ್ತು. ಆದರೆ ಯಂತ್ರ ಎಷ್ಟು ಹಳೆಯದೆಂದರೆ, ಪೆನ್ ಡ್ರೈವಿನಿಂದ ಏಳಬಹುದೆಂಬ ಸಂಗತಿಯೇ ಅದಕ್ಕೆ ತಿಳಿಯದು. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ.

“ಪರಮಶಿವಯ್ಯನೋರು ಬಾಗ್ಲಲ್ಲಿ ನಿಂತಿದ್ರು. ಗಂಟೆ ಒಂದು ದಾಟಿತ್ತು” ಎಂದು ಗಂಗಾಂಬಿಕೆ ನೆನೆಯುತ್ತಾರೆ. “ಆವಾಗ ಮಿಷಿನ್ನಿನ ಮುಖ ನೋಡ್ದೆ. ಫ್ಲಾಪಿ ಬಾಯಿ ಇತ್ತು. ಜೀವ ಬಂತು.”

ಅವರ ಚೀಲದಲ್ಲಿ ಒಂದು ಫ್ಲಾಪಿಯಿತ್ತು, ಅದರಲ್ಲಿ ಒಂದು ಪುಟ್ಟ ಪ್ರೋಗ್ರಾಂ. ಅದು ಮಾಡುವುದು ಒಂದೇ ಕೆಲಸ: ಫ್ಲಾಪಿಯಿಂದ ಎದ್ದು, ಯಂತ್ರದ ಕೈಹಿಡಿದು ಪೆನ್ ಡ್ರೈವಿನ ಬಳಿಗೆ ಕರೆದೊಯ್ಯುವುದು. ಫ್ಲಾಪಿ ಟಕಟಕ ಎಂದಿತು. ಪರದೆಯಲ್ಲಿ ಆಯ್ಕೆಗಳ ಪಟ್ಟಿ ಮೂಡಿತು. ಪೆನ್ ಡ್ರೈವ್ ಆಯ್ದರು. ಪರದೆ ಮತ್ತೆ ಕಪ್ಪಾಗಿ ಹಾಗೇ ನಿಂತಿತು. ಪೆನ್ ಡ್ರೈವನ್ನು ಕಿತ್ತು, ಪೆಟ್ಟಿಗೆಯ ಮುಂಭಾಗದ ಬದಲು ಹಿಂಭಾಗದ ಕಿಂಡಿಗೆ ಚುಚ್ಚಿ ಮೊದಲಿನಿಂದ ಶುರುಮಾಡಿದರು. ಮುಂದಿನ ಕಿಂಡಿಗಳ ವೈರು ಸಡಿಲವಿರುವುದನ್ನು ಎಷ್ಟೋ ಯಂತ್ರಗಳಲ್ಲಿ ಕಂಡಿದ್ದರು.

ಈ ಸಲ ಪರದೆ ಬೆಳಗಿತು. ಒಂದೂ ಮುಕ್ಕಾಲಿಗೆ ಕಡತ ತೆರೆಯಿತು. ಎರಡು ಸಾವಿರ ಹೆಸರೂ ಇದ್ದವು.

ಓ ನೆಗೆಟಿವ್ ಎಂದು ಹುಡುಕಿದಾಗ ಒಂಬತ್ತು ಹೆಸರು ಬಂದವು. ಗಂಗಾಂಬಿಕೆ ಓದುತ್ತ ಹೋದರು, ಪರಮಶಿವಯ್ಯ ಫೋನು ಮಾಡುತ್ತ ಹೋದರು. ಮೊದಲನೆಯವರ ಫೋನು ಬರೀ ರಿಂಗಾಯಿತು. ಎರಡನೆಯವರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಮೂರನೆಯವರು ಜ್ವರದಲ್ಲಿ ಮಲಗಿದ್ದರು. ನಾಲ್ಕನೆಯದು ಕಡಹಿನಬೈಲಿನ ವಾಸಪ್ಪ. ಅವರ ಹೆಂಡತಿ ಫೋನೆತ್ತಿ, ಗದ್ದೆಯಲ್ಲಿದ್ದ ಗಂಡನನ್ನು ಕೂಗಿ ಕರೆದರು.

“ನಾನ್ ಹೆಸ್ರು ಕೊಟ್ಟಿದ್ದೇ ಮರ್ತೋಗಿತ್ತು ಸಾಮಿ” ಎಂದರಂತೆ ವಾಸಪ್ಪ. “ಕೈಕಾಲ್ ತೊಳ್ಕೊಂಡ್ ಹೊರಡ್ತೀನಿ. ಎಲ್ಲಿಗ್ ಬರ್ಬೇಕು?”

ಎಲ್ಲಿಗೂ ಬರಬೇಕಾಗಲಿಲ್ಲ. ಗಂಗಾಂಬಿಕೆ ಫೋನಿನಲ್ಲಿ ವಿಷಯ ಹೇಳಿದ್ದೇ ತಡ, ಕಲ್ಲೇಶ್ ಅರ್ಧ ಬಿಚ್ಚಿದ ಟಯರನ್ನು ಗಿರಾಕಿಯ ಕೈಗೇ ಕೊಟ್ಟು, ಅಂಗಡಿ ಮುಚ್ಚಿ, ಬೈಕು ತೆಗೆದುಕೊಂಡು ಕಡಹಿನಬೈಲಿಗೇ ಹೋದರು. ನಾಲ್ಕೂಕಾಲಿಗೆ ವಾಸಪ್ಪ ಶಿವಮೊಗ್ಗದ ಆಸ್ಪತ್ರೆಯ ಮಂಚದ ಮೇಲೆ ತೋಳು ಚಾಚಿ ಮಲಗಿದ್ದರು. ಕತ್ತಲಾಗುವ ಹೊತ್ತಿಗೆ ಸುಬ್ಬಿ ಕಣ್ಣುಬಿಟ್ಟು ಕೂಸನ್ನು ಕೇಳಿದಳೆಂದು ಸುದ್ದಿ ಬಂತು. ಪರಮಶಿವಯ್ಯ ಫೋನು ಇಟ್ಟು ಗೋಡೆಯ ಕಡೆ ತಿರುಗಿ ನಿಂತರು. ಗಂಗಾಂಬಿಕೆ ಪೆನ್ ಡ್ರೈವಿಗೆ ರಕ್ತದಾನಿಗಳ ಪಟ್ಟಿಯ ಒಂದು ಪ್ರತಿ ತೆಗೆದು, ಎರಡನೆಯದನ್ನು ಕಾಗದಕ್ಕೆ ಅಚ್ಚು ಹಾಕಿಸಲು ಎದ್ದರು. ಕೆಟ್ಟ ಯಂತ್ರಕ್ಕೆ ಹೊಸ ವ್ಯವಸ್ಥೆ ಹಾಕಿದ್ದು ಮಾರನೆಯ ದಿನ.

ಹೊಗಳಿದರೆ ಗಂಗಾಂಬಿಕೆ ಮಾತು ತಿರುಗಿಸುತ್ತಾರೆ. “ರಕ್ತ ಕೊಟ್ಟಿದ್ದು ವಾಸಪ್ಪ. ಇಪ್ಪತ್ತು ವರ್ಷ ಹೆಸ್ರು ಕೂಡ್ಸಿದ್ದು ಪರಮಶಿವಯ್ಯ. ಕರ್ಕೊಂಡು ಹೋಗಿದ್ದು ನಮ್ಮನೆಯವ್ರು. ಕಾಮಾಕ್ಷಮ್ಮ ಅವತ್ತು ನನ್ನ ಅಟ್ಟಿಬಿಟ್ಟಿದ್ರೆ ನಾನು ಈ ಕೆಲಸಾನೇ ಬಿಡ್ತಿದ್ದೆ. ಇವ್ರೆಲ್ಲರ ಋಣದ ಮೇಲೆ ನಡೀತಿದೆ ನಮ್ಮ ಗಾಡಿ.”

ದೊಡ್ಡ ಆಸೆಗಳೇನೂ ಇಲ್ಲ. ಈಚೆಗೆ ಪ್ರತಿ ಸಿಡಿಯ ಜೊತೆ ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡುತ್ತಿದ್ದಾರೆ: ಚಾಲೂ ಮಾಡುವಾಗ ಯಾವ ಗುಂಡಿ ಒತ್ತಬೇಕು, ಯಾವುದನ್ನು ಮೊದಲು ಆರಿಸಬೇಕು, ಯಾವ ಪ್ರಶ್ನೆಗೆ ಅಪ್ಪಿತಪ್ಪಿಯೂ ಹೌದು ಎನ್ನಬಾರದು. ಅದನ್ನು ನೋಡಿಕೊಂಡು ಶಾಲೆಯ ಮೇಷ್ಟ್ರುಗಳೇ ಯಂತ್ರ ಎಬ್ಬಿಸಿಕೊಂಡರೆ ಗಂಗಾಂಬಿಕೆಗೆ ಒಂದು ಬಸ್ಸು ಕಡಿಮೆ, ಅಷ್ಟೇ ಖುಷಿ.

ಮೊನ್ನೆ ಜೂನ್ ತಿಂಗಳಲ್ಲಿ ಸುಬ್ಬಿ ಕೂಸನ್ನು ಎದೆಗೆ ಅವುಚಿಕೊಂಡು ಕಮ್ಮರಡಿಯಿಂದ ಕೊಪ್ಪಕ್ಕೆ ಬಂದಿದ್ದಳು. ಗಂಗಾಂಬಿಕೆಯೂ ಬರುತ್ತಾರೆಂದು ಪರಮಶಿವಯ್ಯ ಮೊದಲೇ ಹೇಳಿ ಕಳಿಸಿದ್ದರು. ವಾಸಪ್ಪನ ಹೆಸರಿದ್ದ ಪೆಟ್ಟಿಗೆ ನೋಡಬೇಕು ಎಂದಳು ಸುಬ್ಬಿ. ತೋರಿಸಿದರು.

“ಇಷ್ಟೇ ಏನ್ರಮ್ಮಾ?”

“ಇಷ್ಟೇ ಸುಬ್ಬಿ.”

ಅವಳು ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡಳು. ಆಮೇಲೆ ಪರಮಶಿವಯ್ಯನವರ ಕಡೆ ತಿರುಗಿದಳು. “ಅಯ್ನೋರೆ, ಇದ್ರಾಗೆ ನನ್ನೆಸ್ರೂ ಬರ್ಕಳಿ.”

ಮೈ ಸುಧಾರಿಸಲಿ, ಒಂದು ವರ್ಷವಾದರೂ ಕಳೆಯಲಿ, ಆಮೇಲೆ ಡಾಕ್ಟರು ಒಪ್ಪಿದರೆ ಕೊಡಬಹುದು ಎಂದು ಅವರು ತಿಳಿಸಿ ಹೇಳಿದರು. ಹೆಸರು ಈಗಲೇ ಇರಲಿ ಎಂದಳು. ಗಂಗಾಂಬಿಕೆಯೇ ಕೂತು ಟೈಪ್ ಮಾಡಿದರು: ಸುಬ್ಬಿ, ಕಮ್ಮರಡಿ, ಓ ನೆಗೆಟಿವ್. ಫೋನ್ ನಂಬರಿನ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಸುಬ್ಬಿಯ ಬಳಿ ಫೋನಿಲ್ಲ, ಅಕ್ಕಪಕ್ಕದಲ್ಲೂ ಇಲ್ಲ. ಗಂಗಾಂಬಿಕೆ ಆ ಜಾಗದಲ್ಲಿ ತಮ್ಮ ಅಂಗಡಿಯ ನಂಬರು ಹಾಕಿದರು.

“ಫೋನ್ ಬರ್ಲಿ, ನಾನೇ ಕಮ್ಮರಡಿಗೆ ಹೋಗಿ ಕರ್ಕೊಂಡು ಬರ್ತೀನಿ” ಎನ್ನುತ್ತಾರೆ ಚೀಲ ಹೆಗಲಿಗೇರಿಸುತ್ತ. “ಆ ಕಡೆ ಬಸ್ಸಿನ ಟೈಮೆಲ್ಲ ನಂಗೆ ಬಾಯಿಪಾಠ.”