ಎಂಟನೆಯ ಸಿತಾರು

ಬಾಗಲಕೋಟೆಯ ಸಾಲೆಯೊಂದರಲ್ಲಿ ನಾನು ಬಹಳ ವರ್ಷ ಗಣಿತ ಕಲಿಸಿದವನು. ಯಾರಾದರೂ ವಿಚಿತ್ರ ಸಂಗತಿ ಹೇಳಲು ಬಂದರೆ, ಹೇಳುವವರ ಮುಖದೆದುರೇ ನಕ್ಕುಬಿಡುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇಲ್ಲವೆಂಬುದಷ್ಟೇ ನನ್ನ ದುಃಖ.

ಇಪ್ಪತ್ತನೆಯ ಶತಮಾನ ಆಗಷ್ಟೇ ಹುಟ್ಟಿತ್ತು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಿತಾರು ಕಲಿಸುವ ಒಂದು ತಿಂಗಳ ಶಿಬಿರವನ್ನು ಬಾದಾಮಿಯಲ್ಲಿ ನಡೆಸಿದೆವು. ಕೆರೆಯ ಹತ್ತಿರದ ಹಳೆಯ ವಾಡೆಯೊಂದರ ಪಡಸಾಲೆಯೇ ನಮ್ಮ ಪಾಠಶಾಲೆ. ಕಲಿಸುವವರು ಆ ಊರಲ್ಲೇ ನೆಲೆಸಿದ್ದ ಒಬ್ಬ ಮುದುಕ ಉಸ್ತಾದರು. ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಮೇಲ್ವಿಚಾರಣೆ ನನ್ನದು. ಒಟ್ಟು ಎಂಟು ಮಕ್ಕಳು, ಅವರಲ್ಲಿ ಏಳು ಹುಡುಗರು. ಎಂಟನೆಯವಳು ಇಳಕಲ್ಲಿನ ಚಂದವ್ವ, ಹತ್ತು ವರ್ಷದವಳು. ಮಾತು ಕಡಿಮೆ. ಕೈ ಮಾತ್ರ ಎಂಥ ಕೈ! ಉಸ್ತಾದರು ಒಮ್ಮೆ ತೋರಿಸಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ.

ಅವಳ ತಾಯಿ ಮದುವೆ ಮೆರವಣಿಗೆಗಳಲ್ಲಿ ಹಾಡುವ, ಕುಣಿಯುವ ಪಾತರದವಳು. ಅದು ಹುಡುಗರ ಮನೆಗಳಿಗೆ ತಿಳಿಯಲು ಹತ್ತು ದಿನ ಹಿಡಿಯಿತು. ಒಬ್ಬ ಹುಡುಗನ ತಂದೆ, ಹುನಗುಂದದ ವಕೀಲರು, ಗಾಡಿ ಕಟ್ಟಿಸಿಕೊಂಡು ಬಂದರು.

“ಮಾಸ್ತರ, ಪಾತರದವರ ಹುಡುಗಿ ಬಾಜೂಕ ನಮ್ಮ ಹುಡುಗ ಕುಂದ್ರೂದಿಲ್ರಿ. ಅಕಿ ಇರಲಿ, ಇಲ್ಲಾ ನಮ್ಮ ಹುಡುಗೂರು ಇರಲಿ.”

ನಾನು ವಾದಿಸಲಿಲ್ಲ. ಮರುದಿನ ನಸುಕಿನಲ್ಲಿ, ಉಸ್ತಾದರು ನಮಾಜಿಗೆ ಹೋಗಿದ್ದಾಗ, ಪರಿಚಯದವರ ಗಾಡಿಯಲ್ಲಿ ಚಂದವ್ವನನ್ನು ಇಳಕಲ್ಲಿಗೆ ಕಳಿಸಿಬಿಟ್ಟೆ. ಅವಳು ಅಳಲಿಲ್ಲ. ಶಿಬಿರದಿಂದ ಕೊಟ್ಟಿದ್ದ ಸಿತಾರಿಗೆ ಗವಸು ಹಾಕಿ ನನ್ನ ಕೈಗೆ ಕೊಟ್ಟು ಗಾಡಿ ಹತ್ತಿದಳು. ಉಸ್ತಾದರಿಗೆ ತಿಳಿದರೆ ಅವರೂ ಎದ್ದುಹೋಗುತ್ತಾರೆಂಬ ಭಯ ನನಗೆ. ಹುಡುಗರಿಗೆ ಬಾಯಿ ಬಿಡಬಾರದೆಂದು ತಾಕೀತು ಮಾಡಿದೆ. ಅವಳ ಸಿತಾರು ನನ್ನ ಕೋಣೆಯ ಮೂಲೆ ಸೇರಿತು.

ಅಂದಿನ ಪಾಠದಲ್ಲಿ ಉಸ್ತಾದರು ತಟ್ಟನೆ ಕಿವಿ ಓರೆ ಮಾಡಿ, “ಚಂದವ್ವಾ, ಮಧ್ಯಮ ಇಳದೈತಿ ನೋಡವ್ವಾ” ಅಂದರು. ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಸ್ವಲ್ಪ ಹೊತ್ತಿಗೆ ಉಸ್ತಾದರೇ, “ಹಾಂ, ಈಗ ಸರಿ ಆತು” ಅಂದರು.

ಮುದುಕರ ಭ್ರಮೆ ಅಂದುಕೊಂಡೆ. ನನಗೆ ಅನುಕೂಲವೇ ಆಯಿತೆಂದು ಸಮಾಧಾನವೂ ಪಟ್ಟೆ. ಅವರು ಅವಳನ್ನು ಏನಾದರೂ ಕೇಳಿದರೆ, “ಹ್ಞೂ ಅಂತ ಗೋಣು ಹಾಕತಾಳ್ರಿ” ಎಂದು ನಾನೇ ಉತ್ತರಿಸುತ್ತಿದ್ದೆ. ಎಷ್ಟು ಸಲೀಸಾಗಿ ಹೇಳುತ್ತಿದ್ದೆ ಎಂದು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅವಳನ್ನು ಕಳಿಸಿದ ಐದನೆಯ ದಿನ ಉಸ್ತಾದರು ಹೊಸದೊಂದು ಗತ್ತು ಕಲಿಸಿದರು. ಸಿತಾರಿಗೆಂದು ಅವರೇ ಕಟ್ಟಿದ ರಚನೆ, ಅದುವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲವಂತೆ. ನಡುವೆ ಒಂದು ಕಡೆ, ಎಡವಿದವನು ಸಾವರಿಸಿಕೊಂಡಂತೆ, ಅರೆಗಳಿಗೆ ತಡೆದು ಮುಂದೆ ಹೋಗುತ್ತಿತ್ತು. ಆ ಜಾಗದಲ್ಲಿ ಏಳು ಹುಡುಗರೂ ತಪ್ಪಿದರು. ಉಸ್ತಾದರು ಕೈ ಎತ್ತಿದರು.

“ನಿಂದರ್ರಿ ಎಲ್ಲಾರೂ. ಅಕಿ ಒಬ್ಬಾಕಿನ ನುಡಸಲಿ. ಕೇಳಿ ಕಲೀರಿ.”

ಸಿತಾರುಗಳೆಲ್ಲ ನಿಂತವು. ಮಟಮಟ ಮಧ್ಯಾಹ್ನ. ಉಸ್ತಾದರು ತೊಡೆಯ ಮೇಲೆ ತಾಳ ಹಾಕುತ್ತ ಕೂತರು. ನನಗೇನೂ ಕೇಳಲಿಲ್ಲ. ಆದರೆ ಆ ತಡೆಯುವ ಜಾಗ ಬಂದಾಗ ಅವರ ಬೆರಳು ಗಾಳಿಯಲ್ಲಿ ನಿಂತು, ಸರಿಯಾದ ಗಳಿಗೆಗೆ ಕೆಳಗಿಳಿಯಿತು. “ಶಾಬಾಸ್!” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಈ ಸಲ ಹುಡುಗರು ನಗಲಿಲ್ಲ. ವಕೀಲರ ಮಗ, ಚಂದವ್ವ ಕೂಡುತ್ತಿದ್ದ ಪಕ್ಕದ ಖಾಲಿ ಚಾಪೆಯಿಂದ ದೂರ ಸರಿದು ಕೂತ.

ಒಂದು ವಾರ ಹೇಗೋ ತಡೆದೆ. ಆಮೇಲೆ, ತೀರಿದ ತಂತಿ ತರುವ ನೆಪ ಹೇಳಿ, ಅಮೀನಗಡದ ದಾರಿಯಿಂದ ಇಳಕಲ್ಲಿಗೆ ಹೋದೆ. ಚಂದವ್ವನ ತಾಯಿ ಹೊಸ್ತಿಲಲ್ಲೇ ನಿಂತು ಮಾತಾಡಿದಳು. ಒಳಗೆ ಕರೆಯಲಿಲ್ಲ. ಮಗಳನ್ನು ನೇಕಾರರ ಮನೆಗೆ ಕಂಡಿಕೆ ಸುತ್ತಲು, ಅಂದರೆ ಮಗ್ಗಕ್ಕೆ ನೂಲು ಸುತ್ತಿಕೊಡಲು, ಹಚ್ಚಿದ್ದಳು.

ಅಲ್ಲಿಗೆ ಹೋದೆ. ಬಾಗಿಲಿಗೆ ಬೆನ್ನು ಮಾಡಿ ಕೂತ ಹುಡುಗಿ ರಾಟೆ ತಿರುಗಿಸುತ್ತ ಬಾಯಲ್ಲಿ ಏನೋ ಗುನುಗುತ್ತಿದ್ದಳು. ಅದೇ ಗತ್ತು. ಆ ತಡೆಯುವ ಜಾಗ ಬಂದಾಗ ರಾಟೆಯೂ ಅರೆಗಳಿಗೆ ನಿಂತು ತಿರುಗಿತು. ನಾನು ಒಳಗೆ ಕಾಲಿಟ್ಟೆ.

“ಇದನ್ನ ಯಾರು ಕಲಿಸಿದರವ್ವಾ?”

ತಿರುಗಿ ನೋಡಿದಳು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಉಸ್ತಾದರು ಕಲಿಸ್ಯಾರ್ರಿ. ಮತ್ಯಾರು?”

ಬಾದಾಮಿಯಿಂದ ಯಾರೂ ಬಂದಿರಲಿಲ್ಲ. ನೇಕಾರನನ್ನೂ ನೆರೆಯವರನ್ನೂ ಕೆದಕಿ ಕೇಳಿದೆ. ಸಿತಾರಂತೂ ನನ್ನ ಕೋಣೆಯಲ್ಲೇ ಇತ್ತು, ಬೀಗ ನನ್ನ ಬಳಿ. ಲೆಕ್ಕದ ಮಾಸ್ತರನಾಗಿ ಎಷ್ಟು ಬಗೆಯಲ್ಲಿ ಬಿಡಿಸಿ ನೋಡಿದರೂ ಇದು ಬಿಡಿಸಿಕೊಳ್ಳಲಿಲ್ಲ.

“ನನ್ನ ಕೂಡ ಬಾ, ಮತ್ತ ಅಲ್ಲೇ ಕುಂತು ಕಲಿಯಂತಿ” ಎಂದೆ.

ಅವಳು ರಾಟೆ ನಿಲ್ಲಿಸಿದಳು. “ನನ್ನ ಕಳಿಸಿದ್ದು ಉಸ್ತಾದರಿಗೆ ಗೊತ್ತೈತೇನ್ರಿ?” ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

“ಹೇಳಬ್ಯಾಡ್ರಿ ಮಾಸ್ತರ. ಹೇಳಿದ್ರ ಕಲಿಸೂದು ಬಿಟ್ಟಬಿಡ್ತಾರ.”

ನಾನು ಹೇಳಲಿಲ್ಲ. ಅವಳ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆನೋ, ನನ್ನ ಹೇಡಿತನಕ್ಕೆ ಅದೊಂದು ಒಳ್ಳೆಯ ಆಸರೆಯಾಯಿತೋ, ಇಂದಿಗೂ ಗೊತ್ತಿಲ್ಲ. ಶಿಬಿರ ಮುಗಿದ ದಿನ ಉಸ್ತಾದರು ಖಾಲಿ ಚಾಪೆಯ ಮೇಲೆ ಕೈಯಿಟ್ಟು ಹರಸಿದರು. ಮರುವರ್ಷದ ಬೇಸಿಗೆಗೆ ಮುಂಚೆಯೇ ಅವರು ತೀರಿಕೊಂಡರು. ಆಮೇಲೆ ಚಂದವ್ವನ ಪಾಠ ನಿಂತಿತೋ, ನಡೆದೇ ಇತ್ತೋ, ಇಳಕಲ್ಲಿಗೆ ಹೋಗಿ ಕೇಳುವ ಧೈರ್ಯ ನನಗೆ ಬರಲಿಲ್ಲ.