ತೇವದಕ್ಕನ ಅಣ್ಣ

ಲಾರಿಯ ಹಿಂಬಾಗಿಲು ಬಿಚ್ಚಿದ ಕೂಡಲೇ ಆಕೆ ಅಂಗಿಯ ಬಲತೋಳನ್ನು ಮೇಲಕ್ಕೆ ಮಡಚಿ ಮರದ ಚಕ್ಕೆಯ ರಾಶಿಯೊಳಗೆ ಕೈ ತೂರಿಸುತ್ತಾರೆ. ಮೊದಲು ಬೆರಳು, ಆಮೇಲೆ ಮುಂಗೈ, ಕೊನೆಗೆ ಮೊಣಕೈ. ಗಬ್ಬದ ಹಸುವಿನ ಹೊಟ್ಟೆ ತಡವುವ ಪಶುವೈದ್ಯರಂತೆ ಒಂದು ಕ್ಷಣ ಎತ್ತಲೋ ನೋಡುತ್ತ ನಿಲ್ಲುತ್ತಾರೆ. ಒಂದು ಹಿಡಿ ಚಕ್ಕೆ ಹೊರಗೆ ತೆಗೆದು, ಹಿಸುಕಿ, ಅಂಗೈ ಬಿಚ್ಚುತ್ತಾರೆ. ಚಕ್ಕೆ ಬಿಡಿಬಿಡಿಯಾಗಿ ಉದುರಿದರೆ ಲಾರಿ ಒಳಗೆ. ಉಂಡೆಗಟ್ಟಿ ಕೂತರೆ ಬಂದ ದಾರಿಗೆ ಸುಂಕವಿಲ್ಲ.

"ಮೇಲೆಲ್ಲ ಒಣಗಿದ್ದು, ನಡುವೆ ನೆನೆದಿದ್ದು. ನೀರನ್ನ ಮರದ ತೂಕಕ್ಕೆ ಮಾರ್ತೀಯೇನಪ್ಪಾ?"

"ದಾರೀಲಿ ಮಳೆ ಅಕ್ಕಾ," ಎನ್ನುತ್ತಾನೆ ಚಾಲಕ.

"ಮಳೆ ಮೇಲಿಂದ ಬೀಳತ್ತೋ, ರಾಶಿ ನಡುವಿಂದ ಹುಟ್ಟತ್ತೋ?"

ಸಾಲಿನಲ್ಲಿ ಹಿಂದೆ ನಿಂತ ಚಾಲಕರು ನಗುತ್ತಾರೆ. ತಮ್ಮ ಸರದಿ ಬಂದಾಗ ಅವರೂ ನಗಿಸಿಕೊಳ್ಳುವವರೇ. ಗೇಟಿನಲ್ಲಿ ಆಕೆಯ ನಿಜ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅವರು ತೇವದಕ್ಕ. ಮರದ ಚಕ್ಕೆ, ಗರಗಸದ ಪುಡಿ, ಹೊಲದ ಕಡ್ಡಿ, ಸಿಪ್ಪೆ, ಹೊಟ್ಟು, ಏನೇ ಬರಲಿ, ಅದರ ತೇವ ಎಷ್ಟೆಂದು ಅವರು ಹೇಳಿದ ಮೇಲೇ ಬಾಯ್ಲರಿನ ದಾರಿ. ನೂರು ಕಿಲೋ ಚಕ್ಕೆಯಲ್ಲಿ ನೀರು ನಲವತ್ತು ಕಿಲೋ ದಾಟಿದರೆ ಬೆಂಕಿಯ ಅರ್ಧ ಶಕ್ತಿ ಆ ನೀರನ್ನು ಓಡಿಸುವುದರಲ್ಲೇ ಮುಗಿಯುತ್ತದೆ ಎಂದು ಅವರು ಹೇಳುತ್ತಾರೆ. ಅರ್ಧ ಅಲ್ಲ, ಅಷ್ಟೊಂದಿಲ್ಲ ಎಂದು ಎಂಜಿನಿಯರು ತಿದ್ದುತ್ತಾರೆ. "ನಿಮ್ಮ ಲೆಕ್ಕ ನಿಮಗೆ, ನನ್ನ ಹೊಗೆ ನನಗೆ" ಎಂದು ಇವರು ಮುಗಿಸುತ್ತಾರೆ. ತೇವ ಅಳೆಯುವ ಕೋಲಿನಂಥ ಯಂತ್ರ ಬಂದು ಮೂರು ವರ್ಷವಾಯಿತು. ಯಂತ್ರ ನಲವತ್ತೊಂದು ಎಂದರೆ ಅವರ ಕೈ ಅದಕ್ಕೆ ಮೊದಲೇ ನಲವತ್ತು ಎಂದಿರುತ್ತದೆ.

ಈ ಸ್ಥಾವರ ಊರಿಗೆ ವಿದ್ಯುತ್ತನ್ನೂ ಪಕ್ಕದ ಕಾಗದ ಕಾರ್ಖಾನೆಗೆ ಹಬೆಯನ್ನೂ ಕೊಡುತ್ತದೆ. ನಾಲ್ಕು ವರ್ಷದ ಹಿಂದಿನವರೆಗೆ ಇಲ್ಲಿ ಉರಿಯುತ್ತಿದ್ದದ್ದು ಕಲ್ಲಿದ್ದಲು. ಆಗ ತೇವದಕ್ಕ ಇದೇ ಗೇಟಿನ ವೇಬ್ರಿಡ್ಜಿನಲ್ಲಿ ತೂಕದ ಚೀಟಿ ಬರೆಯುತ್ತಿದ್ದರು. ಆ ಕೆಲಸ ಕೊಡಿಸಿದ್ದು ಅವರ ಅಣ್ಣ.

ಅಣ್ಣ ಕಲ್ಲಿದ್ದಲಿನ ಅಂಗಳದ ಮೇಸ್ತ್ರಿ. ತಂಗಿಗಿಂತ ಆರು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ತಂಗಿಗೆ ಎಂಟು. ಆಮೇಲೆ ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದಾಗ ರಾತ್ರಿ ಕೂತದ್ದು ಎಲ್ಲ ಅಣ್ಣನೇ. "ನನ್ನ ಜಡೆ ಯಾವತ್ತೂ ಹಗ್ಗ ಹೊಸೆದ ಹಾಗೆ ಇರ್ತಿತ್ತು. ಬಾವಿಗೆ ಬಿಟ್ಟಿದ್ರೆ ಕೊಡ ಎತ್ತಬಹುದಿತ್ತು," ಎಂದು ತೇವದಕ್ಕ ಈಗಲೂ ಹೇಳುತ್ತಾರೆ.

ಅಂಗಳದಲ್ಲಿ ಅಣ್ಣನ ಮೂಗಿಗೆ ಹೆಸರಿತ್ತು. ಕಲ್ಲಿದ್ದಲಿನ ರಾಶಿ ಬಹಳ ದಿನ ಬಿದ್ದಿದ್ದರೆ ಯಾರೂ ಹಚ್ಚದೆ ಒಳಗೊಳಗೇ ಕಾಯತೊಡಗುತ್ತದೆ. ಹೊಗೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕೂ ಎರಡು ದಿನ ಮೊದಲು, ಆಗಷ್ಟೇ ಆರಿಸಿದ ಸೀಮೆಎಣ್ಣೆ ದೀಪದ ವಾಸನೆಯೊಂದು ಬರುತ್ತದೆ, ತೀರ ಸಣ್ಣಗೆ. ಅದು ಅಣ್ಣನಿಗೆ ಮಾತ್ರ ಸಿಗುತ್ತಿತ್ತು. "ಇಲ್ಲಿ ಅಗೀರಿ" ಎಂದು ಕಾಲಿನಿಂದ ಗೀಟು ಎಳೆದರೆ, ಅಲ್ಲೇ ಅಗೆದರೆ, ಅಲ್ಲೇ ಕೆಂಡ.

ಹನ್ನೊಂದು ವರ್ಷ ಅಣ್ಣತಂಗಿ ಮಧ್ಯಾಹ್ನದ ಊಟವನ್ನು ವೇಬ್ರಿಡ್ಜಿನ ಹಿಂದಿನ ಹಲಗೆಯ ಮೇಲೆ ಕೂತು ಮಾಡಿದರು. ಅಣ್ಣ ಮೂರು ಸಲ ಸೋಪು ಹಚ್ಚಿ ತೊಳೆದರೂ ಉಗುರಿನ ಸಂದು ಕಪ್ಪು. "ಕಣ್ಣಿಗೆ ಹಚ್ಚೋ ಕಾಡಿಗೆನ ಉಗುರಿಗೆ ಹಚ್ಚಿದೀಯಲ್ಲ ಅಣ್ಣಾ," ಎನ್ನುವರು ತಂಗಿ. "ನಿನ್ನ ನಾಲಿಗೆಗಿಂತ ಬೆಳ್ಳಗಿದೆ ಬಿಡು," ಎನ್ನುವರು ಅಣ್ಣ. ಅವರ ಮನೆಯಲ್ಲಿ ಯಾರೂ ಯಾರಿಗೂ ಒಳ್ಳೆಯ ಮಾತು ನೇರವಾಗಿ ಆಡಿದವರಲ್ಲ. ಗೇಲಿಯೇ ಅವರ ಕುಶಲೋಪರಿ.

ಸ್ಥಾವರ ಕಲ್ಲಿದ್ದಲು ಬಿಟ್ಟು ಹೊಟ್ಟು, ಕಟ್ಟಿಗೆಗೆ ಬದಲಾದ ಮೊದಲ ವಾರದಲ್ಲಿ ಬಂದದ್ದು ಪೆಲೆಟ್. ಗರಗಸದ ಪುಡಿಯನ್ನು ಯಂತ್ರದಲ್ಲಿ ಅದುಮಿ ಮಾಡಿದ, ಕಿರುಬೆರಳಿನ ತುದಿಯಷ್ಟಿರುವ ತುಂಡುಗಳು. ಕೆಲಸಗಾರರು ಅವಕ್ಕೆ ಗುಳಿಗೆ ಎಂದು ಹೆಸರಿಟ್ಟರು. ಗುಳಿಗೆ ನುಂಗಿದರೆ ಜ್ವರ ಏರುವ ರೋಗಿ ಈ ಬಾಯ್ಲರೊಂದೇ ಎಂಬ ತಮಾಷೆಯೂ ಹುಟ್ಟಿತು. ಮುಚ್ಚಿದ ಉಗ್ರಾಣ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಇನ್ನೂರು ಟನ್ ಗುಳಿಗೆಯನ್ನು ತೆರೆದ ಅಂಗಳದಲ್ಲಿ ಸುರಿದು, ಟಾರ್ಪಾಲು ಬರಲೆಂದು ಕಾಯುತ್ತಿದ್ದರು.

ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ರಾಶಿಯಿಂದ ಹಳದಿ ಧೂಳು ಮೇಲೆದ್ದು ಕಾಗದ ಕಾರ್ಖಾನೆಯ ಕಡೆ ಹೊರಟಿತು. ಅಣ್ಣ ಮೂವತ್ತು ವರ್ಷ ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಹೋಗಿ ನೀರಿನ ವಾಲ್ವು ತಿರುಗಿಸಿದರು. ಕಲ್ಲಿದ್ದಲಿನ ಧೂಳು ಅಡಗಿಸಲು ಹಾಕಿದ್ದ ಹದಿನಾರು ಪಿಚಕಾರಿಗಳೂ ಒಟ್ಟಿಗೆ ಎದ್ದು ನಿಂತವು. ಧೂಳು ತಕ್ಷಣ ಅಡಗಿತು. ಆಮೇಲೆ ಗುಳಿಗೆಗಳು ನೀರು ಕುಡಿದು ಉಬ್ಬಿದವು, ಒಡೆದವು, ಮತ್ತೆ ಪುಡಿಯಾಗಿ, ಪುಡಿ ಮುದ್ದೆಯಾಯಿತು. ಲೋಡರಿನವನು ಗಮನಿಸದೆ ಅದನ್ನೇ ಎತ್ತಿ, ಬಾಯ್ಲರಿನ ಬೆಲ್ಟಿಗೆ ಉರುವಲು ಇಳಿಸುವ ಹಾಪರಿಗೆ ಸುರಿದ. ಹಾಪರಿನ ಗಂಟಲು ಕಟ್ಟಿತು, ಬೆಲ್ಟು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹಬೆ ಇಳಿದು ಕಾಗದ ಕಾರ್ಖಾನೆಯೂ ಸುಮ್ಮನಾಯಿತು.

ಇಡೀ ಸ್ಥಾವರ ಅಂಗಳದಲ್ಲಿ ಸೇರಿತ್ತು. ಮ್ಯಾನೇಜರು ಏನೂ ಹೇಳದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಣ್ಣ ಮೊಣಕಾಲವರೆಗೆ ಮುದ್ದೆಯಲ್ಲಿ ನಿಂತು ಸಲಿಕೆಯಿಂದ ಕೀಳುತ್ತಿದ್ದರು. ಆ ಮೌನ ತಡೆಯಲಾರದೆಯೋ, ಅಣ್ಣನನ್ನು ಆ ನೋಟಗಳಿಂದ ಬಿಡಿಸಬೇಕೆಂದೋ, ತೇವದಕ್ಕ ತಮಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಮಾತಾಡಿದರು.

"ಅಣ್ಣಾ, ಹಿಟ್ಟು ಚೆನ್ನಾಗಿ ನಾದಿದೀಯ. ಇನ್ನು ಲಟ್ಟಣಿಗೆ ತರೋದೊಂದೇ ಬಾಕಿ!"

ಮೂವತ್ತು ಜನ ಒಮ್ಮೆಗೇ ನಕ್ಕರು. ಮ್ಯಾನೇಜರೂ ನಕ್ಕರು. ಅಣ್ಣ ತಲೆ ಎತ್ತಲಿಲ್ಲ. ಮರುದಿನದಿಂದ ಅವರು "ಲಟ್ಟಣಿಗೆ ಮೇಸ್ತ್ರಿ" ಆದರು. ಮೂರು ವಾರದ ನಂತರ, ಕಂಪನಿಯ ದೂರದ ಕಲ್ಲಿದ್ದಲು ಸ್ಥಾವರಕ್ಕೆ ಹೋಗುವವರು ಯಾರೆಂದು ಕೇಳಿದಾಗ ಮೊದಲು ಹೆಸರು ಬರೆಸಿದವರು ಅಣ್ಣ. ತಂಗಿಗೆ ವಿಷಯ ತಿಳಿದದ್ದು ಅತ್ತಿಗೆ ಪಾತ್ರೆ ಕಟ್ಟತೊಡಗಿದ ಮೇಲೆ.

ನಾಲ್ಕು ವರ್ಷ. ಫೋನು ಮಾಡಿದರೆ ಅಣ್ಣ "ಹ್ಞೂಂ, ಚೆನ್ನಾಗಿದೀನಿ, ತಗೋ" ಎಂದು ಅತ್ತಿಗೆಗೆ ಕೊಡುತ್ತಿದ್ದರು. ಅತ್ತಿಗೆ ಮನೆಯ ಸುದ್ದಿಯೆಲ್ಲ ಹೇಳುವರು. ಹಿಂದಿನಿಂದ ಅಣ್ಣ ಕೆಮ್ಮುವುದು ಕೇಳಿಸುವುದು. ತೇವದಕ್ಕ ಅತ್ತಿಗೆಯ ಮಾತಿಗೆ ಹೂಂಗುಟ್ಟುತ್ತ ಆ ಕೆಮ್ಮನ್ನು ಕೇಳುತ್ತಿದ್ದರು. ಅದು ಒಣ ಕೆಮ್ಮೋ, ಹಸಿ ಕೆಮ್ಮೋ ಎಂದು ದೂರದಿಂದಲೇ ತೂಗುತ್ತಿದ್ದರು.

ಈ ವರ್ಷದ ಆರಂಭದಲ್ಲಿ ಒಂದು ಸಂಗತಿ ನಡೆಯಿತು. ಹೊಸ ಉಗ್ರಾಣದಲ್ಲಿ ಮರದ ಚಕ್ಕೆಯ ರಾಶಿಗೆ ಎರಡು ಬಾರಿ ತಾನಾಗಿ ಬೆಂಕಿ ಹತ್ತಿತು. ಹಸಿ ಚಕ್ಕೆಯನ್ನು ಎತ್ತರಕ್ಕೆ ಪೇರಿಸಿದರೆ ಅದೂ ಕೊಳೆಯುತ್ತ ಒಳಗೊಳಗೇ ಕಾಯುತ್ತದೆ ಎಂಬುದನ್ನು ಆ ಬೆಂಕಿ ಎಲ್ಲರಿಗೂ ಕಲಿಸಿತು. ಉಗ್ರಾಣಕ್ಕೊಬ್ಬ ಮೇಲ್ವಿಚಾರಕ ಬೇಕೆಂದು ನಿರ್ಧಾರವಾಯಿತು. ತೇವದಕ್ಕ ಕೈ ಒರೆಸಿಕೊಂಡು ಮ್ಯಾನೇಜರ ಕೋಣೆಗೆ ಹೋದರು.

"ಸಾರ್, ನಮ್ಮಣ್ಣನ್ನ ವಾಪಸ್ ಕರೆಸಿ."

"ಲಟ್ಟಣಿಗೆ ಮೇಸ್ತ್ರೀನಾ?"

"ಆ ಹೆಸರು ಇಟ್ಟವಳು ನಾನು, ಸಾರ್. ನಾನು ಬಿಟ್ಟೆ, ನೀವೂ ಬಿಡಿ. ಬೆಂಕಿಗೆ ಮೊದಲು ವಾಸನೆ ಹಿಡಿಯೋ ಮೂಗು ನಿಮ್ಮ ಯಾವ ಯಂತ್ರಕ್ಕಿದೆ?"

ಮ್ಯಾನೇಜರು ಪೆನ್ನು ಮುಚ್ಚಿಟ್ಟು ಯೋಚಿಸಿದರು. "ಹದಿನೈದನೇ ತಾರೀಖಿನೊಳಗೆ ಒಪ್ಪಿಗೆ ಬರೆದು ಕಳಿಸಿದ್ರೆ ಆಯ್ತು. ಆಮೇಲೆ ನನ್ನ ಕೈಲಿಲ್ಲ."

ಇದು ಫೋನಿನಲ್ಲಿ ಆಗುವ ಮಾತಲ್ಲ ಎಂದು ಅವರಿಗೆ ಗೊತ್ತಿತ್ತು. ವಾರದ ರಜೆಯ ದಿನ ಬೆಳಗಿನ ರೈಲು ಹತ್ತಿದರು. ಜತೆಗೆ ಒಂದು ಊಟದ ಡಬ್ಬಿ. ಅದರಲ್ಲಿ ಊಟವಿರಲಿಲ್ಲ, ಉಗ್ರಾಣದ ಮೂರನೇ ರಾಶಿಯ ನಡುವಿನಿಂದ ತೆಗೆದ, ಇನ್ನೂ ಬೆಚ್ಚಗಿದ್ದ ಚಕ್ಕೆ ಇತ್ತು.

ಆ ಸ್ಥಾವರದ ಗೇಟಿನಲ್ಲಿ ಅಣ್ಣನ ಗುರುತು ಹೇಳಿದಾಗ ಕಾವಲುಗಾರ ಎದ್ದು ನಿಂತ. "ನಮ್ಮ ಮೇಸ್ತ್ರಿಯವರ ತಂಗೀನಾ? ಬನ್ನಿ ಅಮ್ಮಾ." ದಾರಿಯಲ್ಲಿ ಇಬ್ಬರು ಎದುರಾಗಿ, ಮೇಸ್ತ್ರಿಯವರು ಆ ಬದಿ ಇದ್ದಾರೆಂದು ಕೇಳುವ ಮೊದಲೇ ತೋರಿಸಿದರು. ಅಣ್ಣ ಕಪ್ಪು ಗುಡ್ಡದ ಮೇಲೆ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿ, ಅದರ ಮೇಲೆ ಕಲ್ಲಿದ್ದಲಿನ ಪುಡಿ ಕೂತು, ದೂರದಿಂದ ಮೊದಲಿನಷ್ಟೇ ಕಪ್ಪಾಗಿ ಕಾಣುತ್ತಿತ್ತು. ಕೆಳಗಿಳಿದು ಬಂದರು. ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಊಟ ಆಯ್ತಾ?"

"ಇಲ್ಲ."

"ಡಬ್ಬಿ ಹಿಡ್ಕೊಂಡು ಉಪವಾಸ ಬಂದಿದೀಯಾ?"

ತೇವದಕ್ಕ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು. ಅಣ್ಣ ಒಳಗೆ ಇಣುಕಿದರು, ತಂಗಿಯ ಮುಖ ನೋಡಿದರು, ಮತ್ತೆ ಬಾಗಿ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಎರಡು ಚಕ್ಕೆ ಮುರಿದು ನೋಡಿದರು.

"ಇದು ರಾಶಿ ಹಾಕಿ ಎಷ್ಟು ದಿನ?"

"ಒಂಬತ್ತು."

"ಹನ್ನೆರಡು."

ತೇವದಕ್ಕ ವಾದಿಸಲಿಲ್ಲ. ಮರುದಿನ ತಮ್ಮ ಗೇಟಿಗೆ ಮರಳಿ ಲಾರಿಗಳ ಪುಸ್ತಕ ತೆಗೆದು ನೋಡಿದರೆ, ಆ ರಾಶಿಗೆ ಮೊದಲ ಲಾರಿ ಸುರಿದು ಹಿಂದಿನ ದಿನಕ್ಕೆ ಸರಿಯಾಗಿ ಹನ್ನೆರಡು ದಿನವಾಗಿತ್ತು.

ಅಂದು ಅಲ್ಲೇ ನಿಂತು ಅವರು ಅಣ್ಣನಿಗೆ ಎಲ್ಲ ಹೇಳಿದರು. ಎರಡು ಬೆಂಕಿಯ ಸಂಗತಿ, ಮ್ಯಾನೇಜರ ಮಾತು, ತಾರೀಖು. "ಇದೂ ನಿನ್ನ ಕಲ್ಲಿದ್ದಲಿನ ಹಾಗೇ ಅಣ್ಣಾ. ಹೊರಗೆ ಏನೂ ಕಾಣಲ್ಲ. ಅಲ್ಲಿ ಯಾರಿಗೂ ಮೂಗಿಲ್ಲ. ನೀನು ಬೇಕು."

"ಮೂಗು ಬೇಕು ನಿಮಗೆ. ನಾನಲ್ಲ."

"ಅವರಿಗೆ ಮೂಗು ಬೇಕು. ನನಗೆ ನೀನು ಬೇಕು."

ಅಣ್ಣ ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದರು. "ಅದನ್ನ ಹೇಳೋಕೆ ನಾಲ್ಕು ವರ್ಷ ಬೇಕಾಯ್ತೇನೇ ನಿನಗೆ?"

"ಅವತ್ತು ನಾನು ಹಾಗೆ ನಗಿಸಬಾರದಿತ್ತು."

"ನೀನು ನಗಿಸಿದ್ದಕ್ಕೆ ನಾನು ಇಲ್ಲಿಗೆ ಬಂದಿದ್ದಲ್ಲ ಕಣೇ. ಹುಟ್ಟಿದಾಗಿಂದ ನಗಿಸ್ತಾನೇ ಇದೀಯ." ಅಣ್ಣ ತಮ್ಮ ಎರಡು ಕೈಯನ್ನೂ ಮುಂದೆ ಚಾಚಿ ತಾವೇ ನೋಡಿಕೊಂಡರು. "ಮೂವತ್ತು ವರ್ಷ ಈ ಕೈ ಏನು ಮಾಡಿದ್ರೂ ಸರಿಯಾಗಿರ್ತಿತ್ತು. ಅವತ್ತು ಒಂದೇ ಗಂಟೇಲಿ ಎಳೆ ಕೂಸಿನ ಕೈ ಆಯ್ತು. ಇಲ್ಲಿಗೆ ಬಂದೆ, ಮತ್ತೆ ನನ್ನ ಕೈ ಆಯ್ತು. ಇನ್ನು ಮೂರು ವರ್ಷ ಸರ್ವೀಸು. ಈ ಚಿಮಣಿಗೂ ಅಷ್ಟೇ ಆಯಸ್ಸು ಅಂತೆ. ಇಬ್ಬರೂ ಒಟ್ಟಿಗೆ ಮನೆಗೆ ಹೋಗ್ತೀವಿ."

ತೇವದಕ್ಕ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಅತ್ತಿಗೆ ಬಡಿಸಿದ್ದನ್ನು ಉಂಡು ಸಂಜೆಯ ರೈಲಿಗೆ ಹೊರಟರು. ಅಣ್ಣ ನಿಲ್ದಾಣದವರೆಗೆ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ರೈಲು ಹೊರಡುವವರೆಗೂ ಅತ್ತಿತ್ತ ನೋಡುತ್ತ ನಿಂತಿದ್ದರು.

ಹದಿನೈದನೇ ತಾರೀಖು ಬಂತು. ಅಂದು ತೇವದಕ್ಕ ಟಪಾಲಿನವನನ್ನು ಎರಡು ಸಲ ಕೇಳಿದರು. ಮ್ಯಾನೇಜರ ಕೋಣೆಯ ಮುಂದೆ ಕಾರಣವಿಲ್ಲದೆ ಮೂರು ಸಲ ಹಾದರು. ಐದು ಗಂಟೆಗೆ ಮ್ಯಾನೇಜರೇ ಹೊರಗೆ ಬಂದು ಒಪ್ಪಿಗೆ ಬಂದಿಲ್ಲವೆಂದು ತಲೆ ಅಲ್ಲಾಡಿಸಿದರು. ಮುಂದಿನ ವಾರ ಉಗ್ರಾಣಕ್ಕೆ ಹೊಸ ಮೇಲ್ವಿಚಾರಕಿ ಬಂದರು, ರಾಶಿಯೊಳಗೆ ಚುಚ್ಚಿ ಬಿಸಿ ಅಳೆಯುವ ಉದ್ದನೆಯ ಕಬ್ಬಿಣದ ಸರಳುಗಳೊಂದಿಗೆ. ಚುರುಕಿನ ಹೆಣ್ಣುಮಗಳು. ತೇವದಕ್ಕ ಅವರಿಗೆ ಎಲ್ಲ ತೋರಿಸಿಕೊಟ್ಟರು, ಯಾವ ಕೊಸರಾಟವೂ ಇಲ್ಲದೆ. ಆ ಹುಡುಗಿಯ, ಆ ಸರಳುಗಳ ಸುದ್ದಿಯನ್ನು ಫೋನಿನಲ್ಲಿ ಅತ್ತಿಗೆಗೂ ಹೇಳಿದರು.

ಅದಾಗಿ ಹತ್ತು ದಿನಕ್ಕೆ, ಲಾರಿಗಳ ಸಾಲು ಗೇಟಿನಾಚೆಗೂ ಬೆಳೆದಿದ್ದ ಹೊತ್ತಿನಲ್ಲಿ, ಫೋನು ಬಂತು. ಅತ್ತಿಗೆ ಇರಬೇಕೆಂದು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈ ಚಕ್ಕೆಯೊಳಗಿದ್ದಂತೆಯೇ "ಹೇಳಿ ಅತ್ತಿಗೆ" ಎಂದರು.

"ಆ ಮೂರನೇ ರಾಶಿ ಏನು ಮಾಡಿದ್ರಿ?"

ತೇವದಕ್ಕ ರಾಶಿಯಿಂದ ಕೈ ತೆಗೆಯಲಿಲ್ಲ. "ಹರಡಿ ಆರಿಸಿದ್ವಿ, ಅಣ್ಣಾ. ಮತ್ತೆ ಪೇರಿಸಿದ್ವಿ."

"ಎಷ್ಟು ಎತ್ತರಕ್ಕೆ?"

"ಇಪ್ಪತ್ತಡಿ ಇರಬೇಕು."

"ಜಾಸ್ತಿ ಆಯ್ತು. ಹನ್ನೆರಡರ ಮೇಲೆ ಹೋಗಬೇಡಿ. ಹಳೇದರ ಮೇಲೆ ಹೊಸದು ಸುರೀಬೇಡಿ. ಆ ಹುಡುಗಿಗೆ ಹೇಳು, ಸರಳು ಚುಚ್ಚೋದು ತಲೆ ಮೇಲಲ್ಲ, ಗಾಳಿ ಬಡಿಯೋ ಬದಿಗೆ."

"ಅವರಿಗೆ ನಾನು ಹೇಳಿದ್ರೆ ನಂಬಲ್ಲ. ನೀನೇ ಬಂದು ಹೇಳು."

ಆ ಕಡೆ ಯಂತ್ರದ ಸದ್ದು, ಯಾರೋ "ಮೇಸ್ತ್ರೀ" ಎಂದು ಕೂಗಿದ್ದು ಕೇಳಿಸಿತು. "ಬಂದೆ" ಎಂದು ಅಣ್ಣ ಅತ್ತ ಕೂಗಿ ಹೇಳಿದರು.

"ನೋಡೋಣ," ಎಂದರು ತಂಗಿಗೆ.

ಫೋನು ಕಟ್ಟಾಯಿತು. ಲಾರಿಯ ಚಾಲಕ ಗಾಬರಿಯಿಂದ ಕೇಳಿದ, "ಏನಕ್ಕಾ, ತುಂಬಾ ಒದ್ದೆ ಇದೆಯಾ? ಇಷ್ಟು ಹೊತ್ತು ಕೈ ತೆಗೀಲೇ ಇಲ್ಲ?"

ತೇವದಕ್ಕ ಕೈ ತೆಗೆದು, ಹಿಸುಕಿ, ಅಂಗೈ ಬಿಚ್ಚಿ ನೋಡಿದರು. ಮೂವತ್ತೆರಡು ಎಂದು ಬರೆದುಕೊಂಡು ಲಾರಿಯನ್ನು ಒಳಗೆ ಬಿಟ್ಟರು. ಆಮೇಲೆ ಸಾಲನ್ನು ಅಲ್ಲೇ ನಿಲ್ಲಿಸಿ, ರಾಶಿಯನ್ನು ಹನ್ನೆರಡಡಿಗೆ ಇಳಿಸಬೇಕೆಂದು ಹೇಳಲು ಉಗ್ರಾಣದ ಕಡೆ ನಡೆದರು.