ಹಳೇಬೀಡಿನಲ್ಲಿ ಅಜ್ಜಿಗೆ ಕಾಣದ ಅರಮನೆ

ಅಜ್ಜಿಗೆ ಅರಮನೆ ತೋರಿಸಲು ಮನೆಮಂದಿಯನ್ನೆಲ್ಲ ಮೈಸೂರಿನ ಬದಲು ಹಳೇಬೀಡಿಗೆ ಹೊರಡಿಸಿದೆ. ನಮ್ಮ ವಂಶದಲ್ಲೇ ನನ್ನಂಥ ದಡ್ಡ ಹುಟ್ಟಿಲ್ಲ. ಅಜ್ಜಿಯ ಕಣ್ಣು ದಿನೇದಿನೇ ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ರಾಜರ ಅರಮನೆ ನೋಡಬೇಕೆಂಬುದು ಅವಳ ಆಸೆ. ಜಾವಗಲ್ಲಿನ ನಮಗೆ ಹಳೇಬೀಡು ಹತ್ತಿರ, ಫೋನಿನ ಮ್ಯಾಪಿನಲ್ಲಿ 'ಹೊಯ್ಸಳರ ಅರಮನೆ' ಎಂದೂ ಇತ್ತು. ಇನ್ನೇನು ಬೇಕು?

ಹೋಗಿ ನೋಡಿದರೆ ತಂತಿಬೇಲಿ, ಹುಲ್ಲು, ಮೊಣಕಾಲೆತ್ತರದ ಕಲ್ಲಿನ ತಳಪಾಯ. ಅಷ್ಟೇ. ಮದುವೆಗೆ ಉಡುವ ರೇಷ್ಮೆ ಸೀರೆಯುಟ್ಟು ಬಂದಿದ್ದ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, "ಎಲ್ಲೈತ್ಲಾ ಅರಮನೆ?" ಎಂದಳು.

ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ! "ಎದುರ್ಗೇ ಐತಲ್ಲಜ್ಜಿ, ಏಳು ಅಂತಸ್ತು! ಕತ್ತೆತ್ತಿದ್ರೆ ಪೇಟ ಬಿದ್ದೋಯ್ತದೆ" ಎಂದೆ.

ಬೈಯುತ್ತಾಳೆಂದು ಕಾದೆ. ಅವಳು ಕಣ್ಣುಜ್ಜಿಕೊಂಡು ಮತ್ತೆ ಮತ್ತೆ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಮಾಷೆಗೆ ಅಂದೆ ಎಂದು ಕಾಲು ಹಿಡಿದರೂ ಸೆರಗು ತೆಗೆಯಲಿಲ್ಲ.

ವಾರದ ಮೇಲೆ ಅಕ್ಕ ಹೇಳಿದಳು: "ಅಲ್ಲಿ ಬರೀ ಕಲ್ಲಿತ್ತು ಅಂತ ಎಷ್ಟು ಹೇಳಿದ್ರೂ ಅಜ್ಜಿ ನಂಬ್ತಿಲ್ಲ ಕಣೋ. ನನ್ ಕಣ್ಣೇ ಪೂರ್ತಿ ಹೋಗೈತೆ, ನಂಗೆ ನೋವಾಗ್ಬಾರ್ದು ಅಂತ ಎಲ್ರೂ ಸುಳ್ಳು ಹೇಳ್ತಾವ್ರೆ ಅಂತಾಳೆ."